ಇಲ್ಲದ ತಮ್ಮ

ಒಳಗೆ ಹೋಗುವಾಗ ಅವನಿಗೆ ತಮ್ಮ ಇರಲಿಲ್ಲ. ಹೊರಗೆ ಬರುವಾಗ ಇದ್ದ. ಮೆಟ್ಟಿಲಿಳಿದು ಬೀದಿಗೆ ಬಂದು, ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಾಗಲೇ ತನಗೆ ಹೀಗೊಂದು ಆಗಿಹೋಗಿದೆ ಎಂಬುದು ಅವನಿಗೆ ತಟ್ಟಿದ್ದು. ನಲವತ್ತು ದಾಟಿದ ಮೇಲೆ ಒಬ್ಬ ತಮ್ಮ ಹುಟ್ಟಿದ್ದ. ಹುಟ್ಟಿದ ಗಳಿಗೆಯಲ್ಲೇ ಜನರ ನೂಕುನುಗ್ಗಲಿನಲ್ಲಿ ಅವನ ಕೈ ತಪ್ಪಿಹೋಗಿತ್ತು. ಕೈ ಬಿಟ್ಟವನು ತಾನು. ಹಾಗೆಂದು ಆಪ್ತಸಲಹೆಯ ಮೇಡಮ್ ಹೇಳಿದ್ದರು, ತಾನು ಹೌದು ಎಂದಿದ್ದ. ಹೌದು ಎಂದದ್ದಷ್ಟೇ ಆಗಿದ್ದರೆ ಅದು ದೊಡ್ಡ ಮಾತಲ್ಲ, ದಿನವಿಡೀ ಎದುರಿಗೆ ಬಂದವರಿಗೆಲ್ಲ ಹೌದು ಎನ್ನುವವನೇ ಅವನು. ಆದರೆ ಹೌದು ಎಂದ ಮೇಲೆ ಅತ್ತಿದ್ದ. ಭುಜ ಕುಣಿದು, ಮೂಗು ಸೋರಿ, ಚಿಕ್ಕ ಮಕ್ಕಳ ಹಾಗೆ. ಇಷ್ಟು ತಿಂಗಳಿಂದ ಆ ಕೋಣೆಗೆ ಬರುತ್ತಿದ್ದರೂ ಒಂದು ಹನಿ ಕಣ್ಣೀರು ಹಾಕದಿದ್ದವನು, ಇಲ್ಲದ ತಮ್ಮನಿಗಾಗಿ ಅತ್ತು, ಕರವಸ್ತ್ರ ಒದ್ದೆ ಮಾಡಿಕೊಂಡು ಬಂದಿದ್ದ.

ಮೇಡಮ್ ಕೇಳಿದ್ದು ಎಷ್ಟು ಮೆತ್ತಗೆ. “ಹೋದ ಸಲ ನಿಮ್ಮ ತಮ್ಮನ ವಿಷಯ ಹೇಳಿದ್ರಲ್ಲ, ಗದ್ದಲದಲ್ಲಿ ಅವನ ಕೈ ಬಿಟ್ಟುಬಿಟ್ಟೆ ಅಂತ. ಅದನ್ನ ಬಾಯಿಬಿಟ್ಟು ಹೇಳಿದ ಮೇಲೆ ಈ ವಾರ ಹೇಗಿತ್ತು?” ಮಾತು ಮುಗಿಯುವ ಮೊದಲೇ ಅವನ ತಲೆ ತನ್ನಷ್ಟಕ್ಕೆ ಆಡಿತ್ತು. ತಲೆ ಆಡಿದ ಮೇಲೆ ಬಾಯಿ ಇಲ್ಲ ಎನ್ನುವುದು ಹೇಗೆ? ಅವನಿಗಿದ್ದವಳು ಅಕ್ಕ ಒಬ್ಬಳೇ. ಹೋದ ಸಲ ಅವನು ಹೇಳಿದ್ದು ಕೆಲಸದ ವಿಷಯ, ಬೆಳಿಗ್ಗೆ ಕೈಗಳು ಮರಗಟ್ಟಿದಂತಾಗುವ ವಿಷಯ. ಅದನ್ನು ಬಿಟ್ಟು ಈ ತಮ್ಮ ಎಲ್ಲಿಂದ ನುಸುಳಿದ ಎಂದು ಯೋಚಿಸುವಷ್ಟರಲ್ಲಿ ಎದೆಯೊಳಗೆ ಏನೋ ಕಳಚಿಕೊಂಡಿತು. ಮೇಡಮ್ ಟಿಶ್ಯೂ ಕಾಗದದ ಡಬ್ಬಿಯನ್ನು ಎತ್ತಿ ಇಬ್ಬರ ನಡುವೆ ಇಟ್ಟರು. ಅವನ ಮುಂದಕ್ಕೆ ತಳ್ಳಲಿಲ್ಲ. ಬೇಕಿದ್ದರೆ ತೆಗೆದುಕೊಳ್ಳಲಿ, ಬೇಡವಾದರೆ ಅಲ್ಲೇ ಇರಲಿ ಎನ್ನುವಷ್ಟು ದೂರದಲ್ಲಿಟ್ಟು, ಕಿಟಕಿಯ ಕಡೆ ನೋಡುತ್ತ ಕೂತರು. ಆ ದೂರ ಕಂಡು ಅವನಿಗೆ ಇನ್ನಷ್ಟು ಅಳು ಬಂದಿತ್ತು.

ಬಸ್ಸಿನಲ್ಲಿ ಇಬ್ಬರು ಕೂರುವ ಒಂದೇ ಸೀಟು ಖಾಲಿಯಿತ್ತು. ಕಿಟಕಿಯ ಪಕ್ಕ ಕೂತು ಹೊರಗೆ ನೋಡತೊಡಗಿದ. ಅಂಗಡಿಯ ಫಲಕಗಳು, ಮುಚ್ಚಿದ ಬಾಗಿಲುಗಳು, ನೆರಳಿನಲ್ಲಿ ನಿದ್ದೆ ಹೋದ ನಾಯಿ, ಎಲ್ಲವೂ ಯಾರೋ ಬೇರೆಯವರು ನೋಡಿ ತನಗೆ ಹೇಳಿದ ಹಾಗಿದ್ದವು. ಮೇಡಮ್‌ಗೆ ತಪ್ಪಾಗಿದೆ, ಅಷ್ಟೆ. ಬೇರೆ ಯಾರೋ ಹೇಳಿಕೊಂಡ ನೋವು ದಾರಿ ತಪ್ಪಿ ಬಂದು ತನ್ನ ಮಡಿಲಲ್ಲಿ ಬಿದ್ದಿದೆ. ಆದರೆ ಅವರಿಗೆ ತಪ್ಪಾಗುವುದಾದರೂ ಹೇಗೆ? ಎರಡನೇ ಸಲ ಬಂದಾಗ ಅವನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ, ಹೊರಗೆ ಸದ್ದಾದಾಗಲೆಲ್ಲ ಕತ್ತು ತಿರುಗುತ್ತಿತ್ತು. ಅವನು ಏನೂ ಹೇಳಿರಲಿಲ್ಲ. ಮೂರನೇ ಸಲ ಬಂದಾಗ ಕುರ್ಚಿಗಳು ತಿರುಗಿದ್ದವು, ಬಾಗಿಲು ಅವನ ಕಣ್ಣೆದುರಿಗಿತ್ತು. ಅದರ ಬಗ್ಗೆ ಅವರೂ ಏನೂ ಹೇಳಲಿಲ್ಲ. ಅವನು ಮತ್ತೆ ಮತ್ತೆ ಬರತೊಡಗಿದ್ದು ಅವರು ಆಡಿದ ಯಾವ ಮಾತಿಗೂ ಅಲ್ಲ, ಆ ಕುರ್ಚಿಗೆ. ತನ್ನ ಕತ್ತನ್ನು ಗಮನಿಸಿದ ಹೆಂಗಸು ತನ್ನ ಕತೆಯನ್ನು ಮರೆಯುತ್ತಾಳೆಯೇ? ಹಾಗಾದರೆ ಗಮನಿಸಿದ್ದು ತನ್ನನ್ನೋ, ಆ ಹೊತ್ತಿಗೆ ಆ ಕುರ್ಚಿಯಲ್ಲಿ ಕೂತಿದ್ದ ಯಾವುದೋ ಒಂದು ಕತ್ತನ್ನೋ? ಮುಂದಿನ ನಿಲ್ದಾಣದಲ್ಲಿ ಕೈಚೀಲ ಹಿಡಿದ ಒಬ್ಬ ಹೆಂಗಸು ಹತ್ತಿ, ಅವನ ಪಕ್ಕದ ಜಾಗ ತೋರಿಸಿ, ಯಾರಾದರೂ ಬರುತ್ತಾರಾ ಎಂದು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಆಕೆ ಮುಂದೆ ಹೋಗಿ ಕಂಬಕ್ಕೆ ಒರಗಿ ನಿಂತಳು. ಆಗ ನೋಡಿಕೊಂಡ: ತಾನು ಕಿಟಕಿಗೆ ಒತ್ತರಿಸಿ, ಪಕ್ಕದಲ್ಲಿ ಒಂದು ಮಗು ಕೂರುವಷ್ಟು ಜಾಗ ಬಿಟ್ಟಿದ್ದ. ಇಳಿಯುವ ತನಕ ಆ ಜಾಗ ಹಾಗೇ ಇತ್ತು.

ಹೆಂಡತಿ ಊಟದ ಮೇಜಿನ ಮೇಲೆ ಶಾಲೆಯ ಉತ್ತರಪತ್ರಿಕೆಗಳನ್ನು ಹರಡಿಕೊಂಡಿದ್ದಳು. ಗಣಿತದ ಟೀಚರು ಅವಳು. ತಿದ್ದುವಾಗ ತುಟಿ ಆಡುತ್ತಿರುತ್ತದೆ, ಮಕ್ಕಳನ್ನು ಬಯ್ಯುತ್ತಿದ್ದಾಳೋ ಕೂಡುತ್ತಿದ್ದಾಳೋ ತಿಳಿಯುವುದಿಲ್ಲ. ಮಾತಿನ ಡಾಕ್ಟರಾದ ಮೇಡಮ್ ಹತ್ತಿರ ಅವನನ್ನು ಕಳಿಸಿದವಳು ಅವಳೇ. ಒಂದು ದಿನ ಬೆಳಿಗ್ಗೆ ಅವನು ಬೂಟಿನ ಲಾಡಿ ಕೈಯಲ್ಲಿ ಹಿಡಿದು, ಕಟ್ಟಲಾಗದೆ, ಬಾಗಿಲ ಬಳಿ ಕೂತೇ ಇದ್ದದ್ದನ್ನು ನೋಡಿ ಅವಳು ಹತ್ತಿರ ಬಂದು, ಕುಕ್ಕರಗಾಲಲ್ಲಿ ಕೂತು, ಎರಡು ಬೂಟಿಗೂ ಲಾಡಿ ಕಟ್ಟಿ, “ಇನ್ನು ನನ್ನ ಕೈಲಾಗಲ್ಲ, ಯಾರಿಗಾದ್ರೂ ತೋರಿಸ್ಕೊಳ್ಳಿ” ಎಂದಿದ್ದಳು. ಕೋಲೆ ಬಸವನನ್ನು ಕಟ್ಟಿಕೊಂಡು ಬಾಳುವುದು ಹೇಗಿರುತ್ತದೆ ಎಂದು ನನ್ನನ್ನು ಕೇಳಿ ಎಂದು ಅವಳು ನೆಂಟರ ಮುಂದೆ ನಗೆಯಾಡುವುದಿತ್ತು. ಅವನೂ ನಗುತ್ತಿದ್ದ, ತಲೆಯಾಡಿಸುತ್ತ. ನೆಂಟರು ಆಗ ಇನ್ನಷ್ಟು ನಗುತ್ತಿದ್ದರು.

ಇವತ್ತು ಏನು ಮಾತಾಡಿದಿರಿ ಎಂದು ಅವಳು ಯಾವತ್ತೂ ಕೇಳುವುದಿಲ್ಲ. ಅವನ ಕಣ್ಣು ಕೆಂಪಗಾಗಿದ್ದನ್ನು ನೋಡಿ ಇವತ್ತು ಕೇಳಿದಳು. ತಮ್ಮನ ವಿಷಯ ಎಂದ.

“ಯಾರ ತಮ್ಮ?”

“ನನ್ನ ತಮ್ಮ.”

“ನಿಮಗೆಲ್ಲಿಂದ ಬಂದ ತಮ್ಮ? ಮದುವೇಲಿ ಇವನು ನಿನ್ನ ಮೈದುನ ಅಂತ ಯಾರನ್ನೂ ತೋರಿಸ್ಲೇ ಇಲ್ವಲ್ಲ ನನಗೆ.”

ಅವನು ಆದದ್ದನ್ನೆಲ್ಲ ಹೇಳಿದ. ಅವಳು ಪೆನ್ನು ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. ಮುಖ ಬೇರೆಯಾಯಿತು. ಅಂದರೆ ಆಕೆಗೆ ನೀವು ಯಾರೆಂದೇ ನೆನಪಿಲ್ಲ ಎಂದಳು. ಇಷ್ಟು ದಿನ ನೀವು ಹೋಗಿ ಬಾಯಿ ನೋಯಿಸಿಕೊಂಡದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ತನ್ನ ಗಂಡನನ್ನು ಯಾರೋ ಇನ್ನೊಬ್ಬರೆಂದು ತಿಳಿದರಲ್ಲ ಎಂಬ ಸಿಟ್ಟು ಅವಳ ಕಿವಿಯ ತುದಿಯವರೆಗೂ ಏರಿತ್ತು. ಅವನಿಗೆ ಬರಬೇಕಾದ ಸಿಟ್ಟನ್ನೂ ಅವಳೇ ಮಾಡಿಕೊಳ್ಳುತ್ತಿದ್ದಳು. ಮುಂದಿನ ವಾರ ಹೋದಾಗ ನನಗೆ ತಮ್ಮ ಇಲ್ಲ ಅಂತ ನೇರವಾಗಿ ಹೇಳಿ, ಲೆಕ್ಕ ತಪ್ಪಾದರೆ ತಪ್ಪು ಅನ್ನಬೇಕು, ಇಲ್ಲದಿದ್ದರೆ ಮುಂದಿನದೆಲ್ಲ ತಪ್ಪೇ ಎಂದಳು. ಅವನು ತಲೆಯಾಡಿಸಿದ.

“ನೋಡಿ, ಈಗ ನನಗೂ ಅದನ್ನೇ ಮಾಡಿದ್ರಿ,” ಎಂದು ಮತ್ತೆ ಪೆನ್ನು ಎತ್ತಿಕೊಂಡಳು. ಎರಡು ಹಾಳೆ ತಿದ್ದಿದ ಮೇಲೆ, ತಲೆಯೆತ್ತದೆ, “ಮತ್ತೆ ಅತ್ತಿದ್ದು ಯಾಕೆ?” ಎಂದಳು.

ಗೊತ್ತಿಲ್ಲ ಎಂದ. ಅದು ಸುಳ್ಳಾಗಿರಲಿಲ್ಲ. ತನ್ನ ಮುಂದೆ ಒಂದು ದಿನವೂ ಅಳದ ಗಂಡ ಇನ್ನಾರದೋ ತಮ್ಮನಿಗಾಗಿ ಇನ್ನೊಬ್ಬ ಹೆಂಗಸಿನ ಮುಂದೆ ಅತ್ತು ಬಂದದ್ದರ ಲೆಕ್ಕವನ್ನು ಯಾವ ಬದಿಗೆ ಹಾಕಿಕೊಳ್ಳಬೇಕೆಂದು ಅವಳಿಗೂ ತಿಳಿಯದ ಹಾಗಿತ್ತು. ಎದ್ದು ಹೋಗಿ ಒಂದು ಲೋಟ ನೀರು ತಂದು ಅವನ ಮುಂದಿಟ್ಟಳು. ಲೋಟದ ಮೇಲೆ ಅವಳ ಬೆರಳಿನ ಕೆಂಪು ಮಸಿ ಅಂಟಿತ್ತು.

ಅವನ ಕೆಲಸ ಹಲ್ಲು ಕಟ್ಟುವುದು. ಊರಿನ ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಗಳ ಅಚ್ಚು ತೆಗೆದು ಕಳಿಸುತ್ತಾರೆ. ಅಚ್ಚಿಗೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಸೆಟ್ಟು ಮಾಡಿ ಹಿಂದಕ್ಕೆ ಕಳಿಸುವ ಲ್ಯಾಬು ಅದು. ಅವನಿಗೆ ಊರಿನ ಅರ್ಧ ಮುದುಕರು ಗೊತ್ತು, ಮುಖ ಮಾತ್ರ ಗೊತ್ತಿಲ್ಲ. ಈ ದವಡೆ ಎಡಕ್ಕೆ ಅಗಿಯುವುದು, ಈ ವಸಡು ತೆಳ್ಳಗೆ, ಇವರಿಗೆ ಹೆಚ್ಚು ಒತ್ತಬಾರದು. ಬಾಯಿಗಳು ಅವನ ಮೇಜಿನ ಮೇಲೆ ಸಾಲಾಗಿ ಕೂತು, ಒಂದೂ ಮಾತಾಡದೆ, ಅವನನ್ನೇ ನೋಡುತ್ತಿರುತ್ತವೆ. ಮರುದಿನ ಕೂತು ಒಂದು ಮೇಲ್ದವಡೆಗೆ ಮೇಣ ಕಾಯಿಸುತ್ತಿದ್ದಾಗ, ತಮ್ಮನಿಗೆ ಮುಂದಿನ ಹಲ್ಲು ಒಂದರ ಮೇಲೊಂದು ಏರಿತ್ತು ಎಂದುಕೊಂಡ. ಯಾಕೆ ಹಾಗೆಂದುಕೊಂಡನೋ. ಅಂದುಕೊಂಡದ್ದೇ ಅದು ನಿಜವಾಯಿತು. ಮಧ್ಯಾಹ್ನದೊಳಗೆ ತಮ್ಮನಿಗೆ ಗುಂಡಿ ಕಿತ್ತ ಅಂಗಿ ಬಂತು, ಬೆವೆತ ಚಿಕ್ಕ ಅಂಗೈ ಬಂತು. ಆ ಅಂಗೈ ಮೀನಿನ ಹಾಗೆ ಜಾರಿದ್ದು ಅವನ ಬೆರಳ ಸಂದಿಗೆ ತಿಳಿಯುತ್ತಿತ್ತು. ಇದು ಸುಳ್ಳು ಎಂದು ತಲೆ ಹೇಳುತ್ತಿತ್ತು, ಬೆರಳು ಕೇಳುತ್ತಿರಲಿಲ್ಲ.

ಯಜಮಾನರು ಹಿಂದಿನಿಂದ ಬಂದು, ಅಚ್ಚಿನ ಮೇಲಿನ ಚೀಟಿ ನೋಡಿದೆಯಾ, ಹಿಂದಿನ ಸಲದ ಹಾಗೆ ಆದೀತು ಎಂದು ಎಚ್ಚರಿಸಿ ಹೋದರು. ಹಿಂದಿನ ಸಲ ಎಂದರೆ ಚೀಟಿ ಕಳಚಿದ್ದ ಎರಡು ಸೆಟ್ಟುಗಳನ್ನು ಯಜಮಾನರೇ ಅದಲುಬದಲು ಮಾಡಿ ಕಳಿಸಿದ್ದು. ಒಂದು ಸೆಟ್ಟು ಸಿಕ್ಕಿದ್ದು ನಿವೃತ್ತ ರೈಲ್ವೆ ಗಾರ್ಡಿಗೆ. ಆತ ಅದನ್ನು ಬಾಯಿಗೆ ಹಾಕಿಕೊಂಡ ಕ್ಷಣವೇ ಸೂರು ಹಾರಿಹೋಗುವಂತೆ ಕೂಗಾಡಿ, ಡಾಕ್ಟರ ಮೇಜಿನ ಮೇಲೆ ಕುಕ್ಕಿ ಹೋಗಿದ್ದ. ಇನ್ನೊಂದು ಒಬ್ಬ ಅಜ್ಜಿಗೆ. ಅಜ್ಜಿಯಿಂದ ಸುದ್ದಿಯೇ ಇಲ್ಲ. ಸರಿಯಾದ ಸೆಟ್ಟು ಹಿಡಿದುಕೊಂಡು ಡಾಕ್ಟರ ಜೊತೆ ಅವನೂ ಆಕೆಯ ಮನೆಗೆ ಹೋಗಿದ್ದ. ಬಾಯಿ ತೆರೆಸಿ ನೋಡಿದರೆ ವಸಡೆಲ್ಲ ಹುಣ್ಣು. ಇಷ್ಟು ದಿನ ಗಂಜಿಯನ್ನೂ ನುಂಗಲಾಗದೆ ಆಕೆ ಆ ಗಾರ್ಡಿನ ಹಲ್ಲು ಹಾಕಿಕೊಂಡು ಕೂತಿದ್ದಳು. ಯಾಕಮ್ಮ ಹೇಳಲಿಲ್ಲ ಎಂದರೆ, “ಹೊಸದು ಅಂದ್ರೆ ಹೀಗೇ ಇರುತ್ತೇನೋ ಅಂದ್ಕೊಂಡೆ. ಡಾಕ್ಟ್ರು ಅಷ್ಟು ಪ್ರೀತಿಯಿಂದ ಹಾಕಿ ಕಳಿಸಿದ್ರು, ಸರಿಯಿಲ್ಲ ಅಂತ ಹೇಗೆ ಹೇಳೋದಪ್ಪ?” ಎಂದಳು. ಬರುವ ದಾರಿಯಲ್ಲಿ ಡಾಕ್ಟರು ಆಕೆಯ ಪೆದ್ದುತನಕ್ಕೆ ತಲೆ ಚಚ್ಚಿಕೊಂಡಿದ್ದರು. ಅವನಿಗೆ ಮಾತ್ರ ಆಕೆ ಹೇಳಿದ್ದು ಅಕ್ಷರ ಅಕ್ಷರ ಅರ್ಥವಾಗಿತ್ತು. ಅಷ್ಟು ಚೆನ್ನಾಗಿ ಅರ್ಥವಾದದ್ದಕ್ಕೇ ಹೆದರಿಕೆಯಾಗಿತ್ತು.

ಅವನದೂ ಒಂದು ಕತೆಯಿತ್ತು, ಅಂಥದೇ. ಸಣ್ಣವನಿದ್ದಾಗ, ಸಂತೆಯ ಗುಂಪಿನಲ್ಲಿ, ಅಪ್ಪನ ಕೈ ಎಂದುಕೊಂಡು ಯಾರದೋ ಕೈ ಹಿಡಿದುಕೊಂಡದ್ದು. ತುಸು ದೂರ ನಡೆದ ಮೇಲೆ ತಲೆಯೆತ್ತಿ ನೋಡಿದರೆ ಮೇಲೆ ಇದ್ದದ್ದು ಬೇರೆ ಗಡ್ಡ. ಬಿಟ್ಟರೆ ಆ ಮನುಷ್ಯ ಏನೆಂದುಕೊಂಡಾನು ಎಂದು, ಬಿಡದೆ, ಗೊತ್ತಾಗದವನ ಹಾಗೆ ನಡೆಯುತ್ತಲೇ ಹೋದದ್ದು. ಆ ಮನುಷ್ಯನೂ ಏನೂ ಹೇಳದೆ, ಕೈ ಬಿಡಿಸಿಕೊಳ್ಳದೆ, ನಿಧಾನವಾಗಿ ಹೆಜ್ಜೆ ಹಾಕಿದ್ದು. ಇದನ್ನು ಅವನು ಮೇಡಮ್‌ಗೆ ಮೊದಮೊದಲ ದಿನಗಳಲ್ಲೇ ಹೇಳಿದ್ದ. ಹೇಳುವಂಥದು ತನ್ನಲ್ಲಿ ಏನಾದರೂ ಇದ್ದರೆ ಅದೊಂದೇ ಎನಿಸಿತ್ತು. ಈಗ ಗ್ರೈಂಡರಿನ ಗುಂಯ್‌ಗುಡುವಿಕೆಯ ನಡುವೆ ಅನುಮಾನ ಬಂತು: ಆ ಕೈಯೇ ತಿರುಗುಮುರುಗಾಗಿ ಈ ಕೈಯಾಯಿತೇ? ಮೇಡಮ್ ಮರೆತದ್ದಲ್ಲ, ತಾನು ಹೇಳಿದ್ದನ್ನೇ ಬೇರೆ ರೀತಿ ಕೇಳಿಸಿಕೊಂಡರೇ? ಅಥವಾ ನಿಜವಾಗಿಯೂ ಒಬ್ಬ ತಮ್ಮನಿದ್ದು, ಮನೆಯವರೆಲ್ಲ ಸೇರಿ ಮುಚ್ಚಿಟ್ಟು, ತಾನು ಯಾವುದೋ ಸಲ ಮೈಮರೆತು ಹೇಳಿಬಿಟ್ಟೆನೇ? ಟೀ ಬಿಡುವಿನಲ್ಲಿ ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದ.

“ನೀನಾದ ಮೇಲೆ ಅಮ್ಮನಿಗೆ ಇನ್ನೊಂದಾ? ನೀನೊಬ್ಬನೇ ಸಾಕುಬೇಕು ಮಾಡಿಸಿದ್ದೆ ಅವಳಿಗೆ,” ಎಂದು ಅಕ್ಕ ನಕ್ಕಳು. ಏನೋ ಆಯಿತು ನಿನಗೆ, ಜ್ವರವೇನೋ, ಹೆಂಡತಿ ಊಟಕ್ಕೆ ಹಾಕುತ್ತಾಳೋ ಇಲ್ಲವೋ ಎಂದೆಲ್ಲ ವಿಚಾರಿಸಿದಳು. ಅವನು ಸಂತೆಯ ಗಡ್ಡದವನ ವಿಷಯ ಎತ್ತಿದ. ಅಪ್ಪ ಆವತ್ತು ಬಯ್ದರೋ ಇಲ್ಲವೋ, ಅದೊಂದು ನೆನಪಾಗುತ್ತಿಲ್ಲ ಎಂದ.

ಅಕ್ಕ ಮಾತು ತಡೆದಳು. “ಅದು ನೀನಲ್ಲ ಕಣೋ, ನಾನು. ನೀನಾಗ ಅಮ್ಮನ ಸೊಂಟದ ಮೇಲಿದ್ದೆ. ನಿನಗೆ ಊಟ ಮಾಡಿಸುವಾಗ ದಿನಾ ಹೇಳ್ತಿದ್ದೆ ಆ ಕತೆ, ಇಲ್ಲದಿದ್ರೆ ನೀನು ಬಾಯೇ ತೆಗೀತಿರ್ಲಿಲ್ಲ.”

ಫೋನು ಜೇಬಿಗಿಟ್ಟು ಅವನು ಗೋಡೆಗೊರಗಿ ನಿಂತ. ಬೈಸಿಕಲ್ಲೊಂದು ಗಂಟೆ ಬಾರಿಸಿಕೊಂಡು ಹೋಯಿತು. ಇಷ್ಟು ವರ್ಷ ತನ್ನದೆಂದು ಹಿಡಿದುಕೊಂಡಿದ್ದದ್ದು ಅಕ್ಕನ ಕೈ, ಅಕ್ಕನ ಗಡ್ಡದವನು. ಅಕ್ಕನ ಮಾತು ನಿಜವಿದ್ದರೆ ಮೇಡಮ್ ಮೇಲೆ ಸಿಟ್ಟಾಗುವ ಅಧಿಕಾರವಾದರೂ ಅವನಿಗೆಲ್ಲಿ? ಮೊದಲು ಇನ್ನೊಬ್ಬರ ಕತೆಯನ್ನು ತನ್ನದೆಂದು ಅವರಿಗೆ ಕೊಟ್ಟವನು ತಾನು. ಅವರು ಇನ್ನೊಬ್ಬರದನ್ನು ತನಗೆ ಕೊಟ್ಟರು. ಸರಿಗೆ ಸರಿ. ಆದರೆ ಅಕ್ಕನದನ್ನು ಅಕ್ಕನಿಗೂ, ತಮ್ಮನನ್ನು ತಮ್ಮನ ಅಣ್ಣನಿಗೂ ಹಿಂತಿರುಗಿಸಿದರೆ ತನಗೆ ಉಳಿಯುವುದೇನು? ಸಾಲಾಗಿ ಕೂತ ಪ್ಲಾಸ್ಟರಿನ ಬಾಯಿಗಳಲ್ಲಿ ತಾನೂ ಒಂದು, ಯಾರದೋ ಹಲ್ಲಿಗೆ ಕಾಯುತ್ತ. ಹೇಳಬೇಕು ಎಂದುಕೊಂಡ. ಹೇಳಬಾರದು ಎಂದುಕೊಂಡ. ಹೇಳಿದರೆ ಆ ಮೆತ್ತನೆಯ ದನಿಗೆ ಪೆಟ್ಟಾಗುತ್ತದೆ. ನಾಚಿಕೆಯಾದ ಮೇಲೆ ಮನುಷ್ಯರು ಮೊದಲಿನ ಹಾಗೆ ಇರುವುದಿಲ್ಲ. ನಾಳೆಯಿಂದ ಅವರು ತನ್ನನ್ನು ಎಚ್ಚರಿಕೆಯಿಂದ ನೋಡುತ್ತಾರೆ, ಒಡೆದ ಪಾತ್ರೆಯನ್ನು ಎತ್ತಿಡುವವರ ಹಾಗೆ. ಬಾಗಿಲಿಗೆ ಮುಖ ಮಾಡಿ ಕೂರಬಹುದಾದ ಕೋಣೆ ಜಗತ್ತಿನಲ್ಲಿ ಇದ್ದದ್ದು ಅದೊಂದೇ. ಹೇಳದಿದ್ದರೆ ಕೋಣೆ ಉಳಿಯುತ್ತದೆ. ಆದರೆ ಅದರೊಳಗೆ ಕೂರುವವನು ಆ ತಮ್ಮನ ಅಣ್ಣ.

ಹೀಗೆ ಹಿಂದೆ ಮುಂದೆ ನೋಡುತ್ತಲೇ ಆ ದಿನ ಬಂತು. ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತಿದರೆ ಮೊದಲು ಸಿಗುವುದು ಕಾಯುವ ಕೋಣೆ: ಎರಡು ಬೆತ್ತದ ಕುರ್ಚಿ, ಹಳೆಯ ಪತ್ರಿಕೆಗಳು, ಮೂಲೆಯಲ್ಲಿ ಟಕಟಕ ಎನ್ನುವ ಫ್ಯಾನು. ಅವನಿಗಿಂತ ಮುಂಚಿನ ಹೊತ್ತಿನವನು ಒಬ್ಬ ದಪ್ಪ ಮನುಷ್ಯ, ಯಾವಾಗಲೂ ಇಸ್ತ್ರಿಯ ಬಿಳಿ ಅಂಗಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುವುದಿಲ್ಲ. ಅಲ್ಲಿಗೆ ಬರುವವರ ಮರ್ಯಾದೆ ಅದು, ಯಾರೂ ಹೇಳಿಕೊಟ್ಟದ್ದಲ್ಲ. ಇವತ್ತು ಅವನು ನೋಡಿದ. ಬಾಗಿಲು ತೆರೆದು ಹೊರಬಂದ ಆ ಮನುಷ್ಯನ ಬಲಗೈಯನ್ನೇ ನೋಡಿದ. ದಪ್ಪ ಬೆರಳು, ಗಡಿಯಾರದ ಪಟ್ಟಿಯ ಗುರುತು. ತಮ್ಮನ ಕೈ ಈ ಕೈಯಿಂದಲೇ ಜಾರಿದ್ದಾ? ಈ ಮನುಷ್ಯ ಯಾರಿಗೂ ಹೇಳದೆ ಹೊತ್ತು ತಂದು ಒಳಗೆ ಇಳಿಸಿದ್ದನ್ನು ತಾನು ಒಂದು ವಾರದಿಂದ ಬೀದಿ ಬೀದಿ ಸುತ್ತಿಸಿದೆನಲ್ಲ, ಅದಕ್ಕೆ ಮುಂದಿನ ಹಲ್ಲನ್ನೂ ಮೂಡಿಸಿದೆನಲ್ಲ ಎಂದು ಮೈ ಹಿಡಿಯಾಯಿತು. ಕ್ಷಮಿಸಿ ಎನ್ನಬೇಕೆನಿಸಿತು. ಈತನೇ ಎಂದು ಯಾರು ಹೇಳಿದರು? ಈತನಿಗೂ ತಮ್ಮ ಇಲ್ಲದೆ ಇರಬಹುದು. ಆ ಮನುಷ್ಯ ಕುರ್ಚಿಯ ಮೇಲೆ ಬಿದ್ದಿದ್ದ ಪತ್ರಿಕೆಯನ್ನು ಎತ್ತಿ ಪಕ್ಕಕ್ಕಿಟ್ಟು, ಫ್ಯಾನಿನ ಮುಖವನ್ನು ಇವನು ಕೂರುವ ಕಡೆಗೆ ತಿರುಗಿಸಿ, ತಲೆ ತಗ್ಗಿಸಿಕೊಂಡು ಮೆಟ್ಟಿಲಿಳಿದು ಹೋದ.

ಮೇಡಮ್ ಎಂದಿನಂತೆ ಫೋನನ್ನು ಬಂದ್ ಮಾಡಿ ಎದುರಿಗೆ ಕೂತರು. ಅಕ್ಕನ ವಯಸ್ಸಿರಬಹುದು. ಹೋದ ಸಲ ಅವನು ಅಷ್ಟು ದೊಡ್ಡ ಭಾರ ಇಳಿಸಿ ಹೋದದ್ದನ್ನು ತಾವು ವಾರವಿಡೀ ನೆನೆಯುತ್ತಿದ್ದುದಾಗಿ ಹೇಳಿದರು. ಅವರ ಮುಖದಲ್ಲಿ ಸಂತೋಷವಿತ್ತು, ಬಹಳ ದಿನ ನೀರೆರೆದ ಗಿಡದಲ್ಲಿ ಚಿಗುರು ಕಂಡವರದು. ಆ ಸಂತೋಷವನ್ನು ತುಳಿಯುವುದು ಹೇಗೆ? ಇವತ್ತು ಬೇಡ, ಮುಂದಿನ ವಾರ ಹೇಳಿದರಾಯಿತು ಎಂದುಕೊಂಡ.

“ತಮ್ಮನ ಹೆಸರೇನು ಅಂತ ನಾನು ಕೇಳೇ ಇಲ್ಲ ನೋಡಿ,” ಎಂದರು.

ಅವನು ಬಾಯಿ ತೆರೆದ. ಹೆಸರುಗಳು ತಾವಾಗಿ ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಯಾವುದನ್ನಾದರೂ ಒಂದನ್ನು ಬಿಟ್ಟರೆ ಸಾಕಿತ್ತು. ಇನ್ನು ಮುಂದೆ ಈ ಕೋಣೆಯಲ್ಲಿ ತಮ್ಮ ಆ ಹೆಸರಿನಿಂದ ಬೆಳೆಯುತ್ತಿದ್ದ, ಹುಟ್ಟಿದ ದಿನ ಬರುತ್ತಿತ್ತು, ಇಷ್ಟದ ಬಣ್ಣ ಬರುತ್ತಿತ್ತು. ಒಂದು ಹೆಸರನ್ನು ಆರಿಸಿಯೂ ಬಿಟ್ಟ. ಆದರೆ ಹೊರಗೆ ಬಂದದ್ದು ಬೇರೆ.

“ಇಲ್ಲ.”

“ಹೆಸರು ನೆನಪಾಗ್ತಿಲ್ವಾ?”

“ತಮ್ಮ ಇಲ್ಲ.”

ಮೇಡಮ್ ದನಿ ಇನ್ನಷ್ಟು ಇಳಿಯಿತು. “ತೀರಿಕೊಂಡ್ರಾ?”

“ಹುಟ್ಟೇ ಇಲ್ಲ ಮೇಡಮ್.”

ಕೆಳಗಿನ ಅಂಗಡಿಯಲ್ಲಿ ಯಾರೋ ಯಂತ್ರದ ಚಕ್ರ ತಿರುಗಿಸಿ ಪರೀಕ್ಷಿಸುತ್ತಿದ್ದರು. ಮೇಡಮ್ ಕನ್ನಡಕ ತೆಗೆದರು. ತೆಗೆದಾಗ ಕಣ್ಣು ಚಿಕ್ಕದಾಗಿ, ಮುಖ ಬರಿದಾಗಿ, ದಾರಿಯಲ್ಲಿ ಎದುರಾದರೆ ಗುರುತು ಹತ್ತದ ಒಬ್ಬ ಹೆಂಗಸಾದರು. ಅವರೊಳಗೆ ಏನೋ ಹಿಂದಕ್ಕೆ ಓಡಿ, ಒಂದೊಂದೇ ಬಾಗಿಲು ತೆರೆದು ನೋಡುತ್ತಿರುವುದು ಕಾಣುತ್ತಿತ್ತು. ಹುಡುಕಿದ್ದು ಸಿಕ್ಕಿತು, ಕುತ್ತಿಗೆಯ ಬುಡದಿಂದ ಕೆಂಪು ಏರಿತು.

“ತಪ್ಪು ನನ್ನದು,” ಎಂದರು. “ಅದು ಎಲ್ಲಿಂದ ಬಂತು ಅಂತ ನಾನು ಹೇಳೋ ಹಾಗಿಲ್ಲ. ನಿಮ್ಮದಲ್ಲದ್ದನ್ನ ನಿಮ್ಮ ಮೇಲೆ ಹೊರಿಸಿದೆ.”

ಅವನು ಇದ್ದಲ್ಲೇ ಕರಗಿದ. ಅಯ್ಯೋ ಬಿಡಿ ಮೇಡಮ್, ಅದರಲ್ಲೇನಿದೆ, ಎಷ್ಟೊಂದು ಜನ ಬರುತ್ತಾರೆ ನಿಮ್ಮ ಹತ್ತಿರ, ಎಲ್ಲರದೂ ನೆನಪಿಡಲು ನೀವೇನು ದೇವರೇ, ನಮ್ಮ ಲ್ಯಾಬಿನಲ್ಲೂ ಹೀಗೇ ಆಗುತ್ತದೆ, ಪರವಾಗಿಲ್ಲ ಎಂದು ಒಂದರ ಹಿಂದೊಂದು ಸುರಿದ. ಟಿಶ್ಯೂ ಡಬ್ಬಿಯನ್ನು ಅವರ ಕಡೆಗೆ ಸರಿಸಬೇಕೆಂದು ಕೈ ಚಾಚಿಯೂ ಇದ್ದ.

“ಪರವಾಗಿಲ್ಲ ಅಂತ ನನಗೋಸ್ಕರ ಹೇಳ್ಬೇಡಿ,” ಎಂದರು ಮೇಡಮ್.

ಕೈ ಅಲ್ಲೇ ನಿಂತಿತು. ಅವರಿಗೋಸ್ಕರ ಅಲ್ಲದಿದ್ದರೆ ಇನ್ನಾರಿಗೋಸ್ಕರ? ಪರವಾಗಿಲ್ಲ ಎಂಬ ಮಾತನ್ನು ಕಿತ್ತುಕೊಂಡ ಮೇಲೆ ಅವನ ಹತ್ತಿರ ಹೇಳಲು ಏನೂ ಇರಲಿಲ್ಲ. ಕೋಣೆ ದೊಡ್ಡದಾಯಿತು. ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಆಮೇಲೆ, ಹೊಟ್ಟೆಯ ಕೆಳಗಿನಿಂದ, ಅವನದೆಂದು ಅವನಿಗೇ ಗುರುತಿಲ್ಲದ ಒಂದು ಬಿಸಿ ಮೇಲೆದ್ದು ಬಂತು.

“ಒಂದು ವಾರ ಅವನನ್ನ ಹೊತ್ಕೊಂಡು ತಿರುಗಿದೀನಿ ನಾನು. ಬಸ್ಸಲ್ಲಿ ಜಾಗ ಬಿಟ್ಟಿದೀನಿ. ಒಬ್ಬ ಹೆಂಗಸು ನಿಂತ್ಕೊಂಡು ಹೋದ್ಲು, ಅವನಿಗೋಸ್ಕರ.” ದನಿ ಗೋಡೆಗೆ ತಾಗಿ ಹಿಂದಕ್ಕೆ ಬಂದಾಗ ಅವನೇ ಬೆಚ್ಚಿದ. ಆದರೂ ನಿಲ್ಲಲಿಲ್ಲ. “ನಾನು ನಿಮಗೆ ಏನು ಹೇಳಿದ್ದೆ? ನನ್ನ ಬಗ್ಗೆ ಏನು ನೆನಪಿದೆ ನಿಮಗೆ, ಹೇಳಿ ನೋಡೋಣ.”

ಅವರು ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡು, ಕತ್ತಲಲ್ಲಿ ಮೆಟ್ಟಿಲಿಳಿಯುವವರ ಹಾಗೆ ಒಂದೊಂದೇ ಮಾತು ಇಟ್ಟರು. ಬೂಟಿನ ಲಾಡಿ ಕಟ್ಟಲಾಗದೆ ಕೂತದ್ದು, ಹೆಂಡತಿ ಕಟ್ಟಿದ್ದು. ಅವನು ಹುಂ ಎಂದ. ನೆಂಟರು ನಗುವಾಗ ತಾನೂ ನಕ್ಕದ್ದು. ಹುಂ. ಸಣ್ಣವನಿದ್ದಾಗ ಬೇರೆಯವರ ಕೈ ಹಿಡಿದು ನಡೆದದ್ದು.

“ಅಲ್ಲ. ಅದು ನನ್ನದಲ್ಲ. ನಮ್ಮಕ್ಕಂದು.” ಅವರು ತಲೆಯೆತ್ತಿ ನೋಡಿದರು. “ನನಗೂ ಮೊನ್ನೆ ಗೊತ್ತಾಯ್ತು,” ಎಂದ. ಅವರ ತುಟಿಯ ಅಂಚು ನಡುಗಿತು; ನಗುವಾಗಿರಬಹುದು, ಅಲ್ಲದೆಯೂ ಇರಬಹುದು. ಅವನಿಗೂ ನಗು ಬರುವಂತಾಗಿ, ಸಿಟ್ಟು ಅದನ್ನು ತಡೆಯಿತು.

“ಮನೇಲಿ ಜಗಳ ಆದಾಗ ನಿಮ್ಮ ಹೆಂಡತಿ ಮಾತು ಬಿಡ್ತಾರೆ,” ಎಂದರು.

“ಅಲ್ಲ,” ಎಂದ ಅವನು. ಎರಡನೇ ಸಲ ಆ ಮಾತು ಸಲೀಸಾಗಿ ಬಂತು. “ಅವಳು ಮಾತಾಡ್ತಾನೇ ಇರ್ತಾಳೆ. ಮಾತು ಬಿಡೋದು ನಾನು. ಹೌದು ಹೌದು ಅಂತೀನಲ್ಲ, ಅದೇ ನಾನು ಮಾತು ಬಿಡೋದು.”

ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ತನಗೂ. ಅಕ್ಕನದಾಗಲಿ, ಬಿಳಿ ಅಂಗಿಯವನದಾಗಲಿ ಇರಲಾರದು. ಇದ್ದರೂ ಇರಬಹುದು, ಯಾರಿಗೆ ಗೊತ್ತು. ನಾಲಿಗೆಯಿಂದ ಹಲ್ಲು ಮುಟ್ಟಿಕೊಳ್ಳುವ ಹಾಗೆ ಆ ಮಾತನ್ನು ಒಳಗೊಳಗೇ ಮುಟ್ಟಿ ನೋಡಿಕೊಂಡ. ನೋಯುತ್ತಿತ್ತು.

“ಹಾಗಾದ್ರೆ ಆವತ್ತು ನನಗೆ ಅಳು ಯಾಕೆ ಬಂತು ಮೇಡಮ್?”

“ನನಗೂ ಗೊತ್ತಿಲ್ಲ,” ಎಂದರು ಅವರು. ಗೊತ್ತಿರಬೇಕಾದವರು ಗೊತ್ತಿಲ್ಲ ಎಂದದ್ದಕ್ಕೆ ನಿರಾಸೆಯೂ ಆಯಿತು, ಹಗುರವೂ ಆಯಿತು. ಎರಡರಲ್ಲಿ ಯಾವುದನ್ನು ನಂಬಬೇಕೆಂದು ತಿಳಿಯಲಿಲ್ಲ. ಅವರು ಕನ್ನಡಕ ಹಾಕಿಕೊಂಡರು, ಮತ್ತೆ ಮೇಡಮ್ ಆದರು. ಆದರೆ ಪೂರ್ತಿ ಆಗಲಿಲ್ಲ. ಹೊತ್ತು ಮುಗಿದಿತ್ತು. ಯಾವಾಗಲೂ, ಮುಂದಿನ ವಾರ ನೋಡೋಣ ಎಂದು ಅವರು ಹೇಳುತ್ತಿದ್ದರು, ಅವನು ತಲೆಯಾಡಿಸುತ್ತಿದ್ದ. ಇವತ್ತು ಕೇಳಿದರು: “ಬರ್ತೀರಾ?”

ಕತ್ತಿನ ಹಿಂದೆ, ಬೆನ್ನುಮೂಳೆ ಶುರುವಾಗುವಲ್ಲಿ, ತಲೆ ಆಡಲು ಹೊರಟದ್ದು ಅವನಿಗೆ ತಿಳಿಯಿತು. ಅದು ಅಲ್ಲಿಂದ ಹೊರಡುತ್ತದೆ ಎಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ. ಹಿಡಿದು ನಿಲ್ಲಿಸಿದ.

“ಗೊತ್ತಿಲ್ಲ,” ಎಂದ.

“ಸರಿ,” ಎಂದರು ಮೇಡಮ್. ಬೇಡಿಕೊಳ್ಳಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. ಎದ್ದು ಬಾಗಿಲು ತೆರೆದು ಪಕ್ಕಕ್ಕೆ ನಿಂತರು.

ಮೆಟ್ಟಿಲಿಳಿದ. ಅಂಗಡಿಯವನು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವನ ಮುಖ ನೋಡಿದ. ಬೀದಿಯ ತುದಿಗೆ ಬಸ್ಸು ಬಂದು ನಿಂತದ್ದು ಕಂಡಿತು. ಕೂಗಾಡಿದೆನಲ್ಲ ಎಂದುಕೊಂಡ. ಇನ್ನು ಬರುವುದಿಲ್ಲ ಎನಿಸಿತು. ಮರುಕ್ಷಣ, ಬಾರದೆ ಎಲ್ಲಿಗೆ ಹೋಗಲಿ ಎನಿಸಿತು. ಮೇಡಮ್ ಈಗ ತನ್ನನ್ನು ಮರೆಯಲಾರರು, ಮರೆತರೂ ತಾನು ಕೇಳಬಹುದು. ಇದು ನಂಬಿಕೆಯೋ, ಬರೀ ಸುಸ್ತೋ? ಬಸ್ಸು ಹೊರಟುಹೋಯಿತು. ಅವನು ತಿರುಗಿ ಮೆಟ್ಟಿಲು ಹತ್ತಿದ. ಬಾಗಿಲು ಹಾಗೇ ತೆರೆದಿತ್ತು. ಮೇಡಮ್ ಅವನು ಕೂರುವ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಒಂದು ಲೋಟ ನೀರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಅವನ ಹೆಜ್ಜೆ ಕೇಳಿ ಕಣ್ಣು ಬಿಟ್ಟರು, ಏಳಲಿಲ್ಲ.

“ಬರ್ತೀನಿ,” ಎಂದ ಹೊಸಿಲಲ್ಲೇ ನಿಂತು. “ಆದ್ರೆ ಈ ಮಧ್ಯಾಹ್ನದ ಹೊತ್ತು ನನಗೆ ಆಗಲ್ಲ ಮೇಡಮ್.”

“ಯಾವಾಗಿಂದ?”

“ಮೊದಲಿಂದಾನೂ ಆಗ್ತಿರ್ಲಿಲ್ಲ.”

ಅವರು ಲೋಟ ಕೆಳಗಿಟ್ಟು, ಹಾಗಾದರೆ ಯಾವ ಹೊತ್ತು ಆಗುತ್ತದೆ ಎಂದು ಕೇಳಿದರು. ಅದನ್ನು ಅವನು ಯೋಚಿಸಿಯೇ ಇರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಲ್ಲೇ ಯೋಚಿಸತೊಡಗಿದ. ಮೇಡಮ್ ಕಾದರು.